ಹಾಲು ತಣಿಸುವ ಅಮೋನಿಯಕ್ಕೆ ಎಂಥ ಪಂಪು?

ಬೆಳಗಿನ ಜಾವ ಬಾಗಿಲ ಬಳಿ ಬಂದು ಬೀಳುವ ಹಾಲಿನ ಪೊಟ್ಟಣವನ್ನು ಕೈಗೆತ್ತಿಕೊಂಡರೆ ಅಂಗೈ ಜುಮ್ಮೆನ್ನುವಷ್ಟು ತಂಪು. ರೇಡಿಯೋದಲ್ಲಿ ಚಿಂತನ ಮುಗಿದು ವಾರ್ತೆ ಮೊದಲಾಗುವ ಹೊತ್ತಿಗೆ ಅದೇ ಹಾಲು ಒಲೆಯ ಮೇಲೆ ಉಕ್ಕಿ ಕಾಫಿಗೆ ಸಿದ್ಧವಾಗಿರುತ್ತದೆ. ಆ ತಂಪನ್ನು ಕಳೆಯಲು ನಮಗೆ ಐದು ನಿಮಿಷ ಸಾಕು. ಅದನ್ನು ಹಾಲಿಗೆ ಕೂಡಿಸಲು ಎಷ್ಟು ಜನ, ಎಷ್ಟು ಯಂತ್ರಗಳು ದುಡಿದಿರಬೇಕೆಂದು ನಾವು ಯೋಚಿಸುವುದು ಅಪರೂಪ.

ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯನ್ನೇ ತೆಗೆದುಕೊಳ್ಳಿ. ಆ ಹೋಬಳಿಯ ಹಳ್ಳಿಗಳಲ್ಲಿ ಬೆಳಿಗ್ಗೆಯೂ ಸಂಜೆಯೂ ಹಾಲು ಉತ್ಪಾದಕರ ಸಂಘದ ಮುಂದೆ ಕ್ಯಾನು, ತಂಬಿಗೆ ಹಿಡಿದ ಹೆಂಗಸರ ಸಾಲು ನಿಲ್ಲುತ್ತದೆ. ಆಗತಾನೆ ಕರೆದ ಹಾಲು ಹಸುವಿನ ಮೈಯ ಬಿಸಿಯಲ್ಲೇ ಇರುತ್ತದೆ. ಎಂದರೆ 38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಂಥ ಬೆಚ್ಚನೆಯ ಹಾಲಿನಲ್ಲಿ ಕೆಲವು ಜೀವಾಣುಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾಗುತ್ತವೆ. ಅದನ್ನು 4 ಡಿಗ್ರಿಗೆ ಇಳಿಸಿದರೆ ಅವುಗಳ ಆಟ ಬಹುಮಟ್ಟಿಗೆ ನಿಲ್ಲುತ್ತದೆ. ಆದುದರಿಂದಲೇ ಹಳ್ಳಿಯ ಶೀತಲ ತೊಟ್ಟಿಯಿಂದ ಹಿಡಿದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೈರಿಯವರೆಗೆ ಎಲ್ಲೆಲ್ಲಿಯೂ ತಣಿಸುವ ಕೆಲಸವೇ ಮೊದಲ ಕೆಲಸ. ಹಳ್ಳಿಯ ತೊಟ್ಟಿಗೆ ಮನೆಯ ಫ್ರಿಜ್ಜಿನ ಜಾತಿಯ ಚಿಕ್ಕ ಯಂತ್ರ ಸಾಕು. ದೊಡ್ಡ ಡೈರಿ, ಮಂಜುಗಡ್ಡೆಯ ಕಾರ್ಖಾನೆ, ಆಲೂಗಡ್ಡೆಯ ಶೈತ್ಯಾಗಾರ ಇವುಗಳಲ್ಲಿ ಮಾತ್ರ ಅಮೋನಿಯವೇ ರೂಢಿ.

ಬೂಕನಕೆರೆಯ ಕಡೆಯವನೇ ಆದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಯಂತ್ರಗಳ ಆಪರೇಟರಾಗಿದ್ದಾನೆ. ಅವನಿಗೆ ನಾನು ಸಂಧಿ ಸಮಾಸಗಳನ್ನು ಕಲಿಸಿದೆ. ಅವನು ನನಗೆ ಅಮೋನಿಯ ಕಲಿಸಿದ. ‘ಪಂಪ’ ಎಂದರೆ ಆದಿಕವಿಯನ್ನೇ ನೆನೆಯುವ ನನ್ನಂಥವನಿಗೆ ಪಂಪಿನ ಆಯ್ಕೆಯಲ್ಲಿ ಇಷ್ಟೊಂದು ವಿಚಾರವುಂಟೆಂದು ತಿಳಿದದ್ದು ಅವನಿಂದ. ಆ ವಿಚಾರವನ್ನು ನಿಮ್ಮ ಮುಂದಿಡುತ್ತೇನೆ.

ಅಮೋನಿಯ ನಿಮಗೆ ತೀರ ಅಪರಿಚಿತವೇನೂ ಅಲ್ಲ. ಹಿಂದೆ ಕಲಾಯಿ ಹಾಕುವವನು ಬೀದಿಗೆ ಬಂದಾಗ ಕಾದ ತಾಮ್ರದ ಪಾತ್ರೆಗೆ ಒಂದು ಬಿಳಿಯ ಪುಡಿ ಎರಚಿ ಉಜ್ಜುತ್ತಿದ್ದನಲ್ಲ, ಬುಸ್ಸೆಂದು ಬಿಳಿಯ ಹೊಗೆ ಎದ್ದು ಮೂಗು ಚುರುಗುಟ್ಟುತ್ತಿತ್ತಲ್ಲ, ಆ ಪುಡಿಯೇ ನವಸಾಗರ. ಅಮೋನಿಯದ ಲವಣಗಳಲ್ಲಿ ಅದೂ ಒಂದು. ಶುದ್ಧ ಅಮೋನಿಯ ಬಣ್ಣವಿಲ್ಲದ ಅನಿಲ. ಅದನ್ನು ಒತ್ತಿ ತಣಿಸಿದರೆ ನೀರಿನಂತೆ ತೆಳ್ಳನೆಯ ದ್ರವವಾಗುತ್ತದೆ. ಬಯಲಿನಲ್ಲಿ ಬಿಟ್ಟರೆ ಸೊನ್ನೆಗಿಂತ 33 ಡಿಗ್ರಿ ಕೆಳಗೇ ಕುದಿದು ಹೋಗುತ್ತದೆ. ಕುದಿಯಲು ಅದಕ್ಕೆ ಶಾಖ ಬೇಕು, ಆ ಶಾಖವನ್ನು ಪಕ್ಕದಲ್ಲಿರುವುದರಿಂದ ಕಿತ್ತುಕೊಳ್ಳುತ್ತದೆ. ಅಂಗೈಯ ಮೇಲಿನ ಸ್ಪಿರಿಟ್ಟು ಆರುವಾಗ ಕೈ ತಣ್ಣಗಾಗುವುದೂ ಇದೇ ನ್ಯಾಯದಿಂದ. ಒಂದು ಕಿಲೋ ಅಮೋನಿಯ ಆವಿಯಾಗುವಾಗ ಸುಮಾರು 1,280 ಕಿಲೋಜೂಲ್ ಶಾಖವನ್ನು ನುಂಗುತ್ತದೆ. ಮನೆಯ ಫ್ರಿಜ್ಜುಗಳಿಗೆ ತುಂಬುತ್ತ ಬಂದ 134ಎ ಎಂಬ ಅನಿಲ ನುಂಗುವುದರ ಸುಮಾರು ಆರು ಪಟ್ಟು ಇದು. ಹೀಗಾಗಿ 1876ರ ಸುಮಾರಿಗೆ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯದ ಕಂಪ್ರೆಸರನ್ನು ಬಳಕೆಗೆ ತಂದಂದಿನಿಂದ ದೊಡ್ಡ ಶೈತ್ಯಯಂತ್ರಗಳ ಲೋಕದಲ್ಲಿ ಅದರ ಸ್ಥಾನ ಅಲುಗಿಲ್ಲ. ಓಝೋನ್ ಪದರಕ್ಕೆ ಅದರಿಂದ ಹಾನಿಯಿಲ್ಲ, ಭೂಮಿಯ ಬಿಸಿ ಏರಿಕೆಗೂ ಅದು ಕಾರಣವಲ್ಲ ಎಂಬುದು ಈಚೆಗೆ ಸೇರಿದ ಗೌರವ.

ಯಂತ್ರದೊಳಗೆ ಅದು ನಡೆಯುವ ದಾರಿ ಸುಲಭವಾಗಿದೆ. ಕಂಪ್ರೆಸರು ಅಮೋನಿಯದ ಆವಿಯನ್ನು ಒತ್ತುತ್ತದೆ. ಒತ್ತಿದ ಆವಿ ನೀರಿನ ತಂಪಿನಲ್ಲಿ ದ್ರವವಾಗುತ್ತದೆ. ಆ ದ್ರವವನ್ನು ಸಣ್ಣ ಕಿಂಡಿಯ ಮೂಲಕ ಒತ್ತಡ ಕಡಿಮೆಯಿರುವ ಒಂದು ದೊಡ್ಡ ಉಕ್ಕಿನ ಪಾತ್ರೆಗೆ ಬಿಡುತ್ತಾರೆ. ಅಲ್ಲಿಂದ ಅದು ತಣಿಸುವ ಸುರುಳಿಗಳಿಗೆ ಹೋಗಿ, ಕುದಿದು, ಶಾಖವನ್ನು ಹೀರಿ, ಆವಿಯಾಗಿ ಮರಳಿ ಬರುತ್ತದೆ. ಪಾತ್ರೆಯಿಂದ ಸುರುಳಿಗಳಿಗೆ ದ್ರವವನ್ನು ಮುಟ್ಟಿಸುವುದು ಹೇಗೆ ಎಂಬುದೇ ಇಲ್ಲಿಯ ಪ್ರಶ್ನೆ. ಸುರುಳಿ ಪಾತ್ರೆಯ ಕೆಳಗೇ ಪಕ್ಕದಲ್ಲೇ ಇದ್ದರೆ ದ್ರವ ತನ್ನ ಭಾರದಿಂದ ತಾನೇ ಇಳಿದು ಹೋಗುತ್ತದೆ. ಪಂಪಿನ ಗೊಡವೆಯೇ ಬೇಡ. ಹಾಗೆ ಆಗುವಲ್ಲಿ ಪಂಪು ಕೊಳ್ಳುವುದು ದಂಡವೆಂದೇ ನನ್ನ ಮತ. ಸುರುಳಿಗಳು ಹತ್ತಾರಿದ್ದು, ನಾಲ್ಕು ಕೋಣೆಗಳಲ್ಲಿ ಚದರಿ, ಕೆಲವು ಅಟ್ಟದ ಮೇಲೂ ಇದ್ದಾಗ ಪಂಪು ಅನಿವಾರ್ಯ.

ಪಂಪಿದ್ದಲ್ಲಿ ಕುದಿಯುವುದಕ್ಕಿಂತ ಹೆಚ್ಚಿನ ದ್ರವವನ್ನು ಸುರುಳಿಗೆ ಕಳಿಸುತ್ತಾರೆ; ಸಾಮಾನ್ಯವಾಗಿ ಮೂರು ನಾಲ್ಕು ಪಟ್ಟು. ಇದು ದುಂದಲ್ಲ. ಕಾದ ಕಾವಲಿಗೆ ನಾಲ್ಕು ಹನಿ ನೀರು ಚಿಮುಕಿಸಿದರೆ ಹನಿ ಬಿದ್ದ ಕಡೆ ಮಾತ್ರ ತಣ್ಣಗಾಗುತ್ತದೆ. ಉಳಿದ ಕಡೆ ಒಣಗಿ ಕಾದೇ ಇರುತ್ತದೆ. ಸುರುಳಿಯ ಒಳಮೈ ಉದ್ದಕ್ಕೂ ಒದ್ದೆಯಾಗಿದ್ದರೆ ಮಾತ್ರ ಅದು ಪೂರ್ತಿ ಕೆಲಸ ಮಾಡುತ್ತದೆ. ಕುದಿಯದೆ ಉಳಿದ ದ್ರವ ಆವಿಯೊಡನೆ ಪಾತ್ರೆಗೇ ಹಿಂದಿರುಗುವುದರಿಂದ ನಷ್ಟವೇನೂ ಇಲ್ಲ.

ಇನ್ನು ಪಂಪಿನ ಮಾತು. ನಮ್ಮ ಕಡೆ ಪಂಪು ಕಾಣದ ರೈತನಿಲ್ಲ. “ಪಂಪು ಬಾವಿಯಿಂದ ನೀರನ್ನು ಎಳೆಯುತ್ತದೆ” ಎಂದು ಎಲ್ಲರೂ ಹೇಳುತ್ತಾರೆ. ವ್ಯಾಕರಣದ ಮೇಷ್ಟರಾಗಿ ನಾನು ಹೇಳಬೇಕಾದದ್ದು ಇಷ್ಟೆ: ಈ ವಾಕ್ಯದಲ್ಲಿ ಕ್ರಿಯಾಪದವೂ ತಪ್ಪು, ಕರ್ತೃಪದವೂ ತಪ್ಪು. ಪಂಪು ಎಳೆಯುವುದಿಲ್ಲ. ಅದು ತನ್ನ ಬಾಯಿಯಲ್ಲಿ ಒತ್ತಡವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಬಾವಿಯ ನೀರಿನ ಮೇಲೆ ಕುಳಿತಿರುವ ಗಾಳಿಯ ಭಾರ ನೀರನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುತ್ತದೆ. ತಳ್ಳುವವನು ಗಾಳಿ; ಕೀರ್ತಿ ಮಾತ್ರ ಪಂಪಿಗೆ. ಸಮುದ್ರ ಮಟ್ಟದಲ್ಲಿ ಗಾಳಿ ಹೀಗೆ ನೀರನ್ನು 10.3 ಮೀಟರಿನವರೆಗೆ ಎತ್ತಬಲ್ಲದು. ನಮ್ಮ ಮೈಸೂರು ಸೀಮೆಯ ಎತ್ತರದಲ್ಲಿ 9 ಮೀಟರಿಗೆ ತುಸು ಹೆಚ್ಚು. ಕೊಳವೆಯ ತಿಕ್ಕಾಟ ಮೊದಲಾದುವನ್ನು ಕಳೆದರೆ ವ್ಯವಹಾರದಲ್ಲಿ ದಕ್ಕುವುದು 6-7 ಮೀಟರು. ತೆರೆದ ಬಾವಿಗಳ ಕಾಲದಲ್ಲಿ ಬೇಸಗೆ ಬಂದು ನೀರು ಕೆಳಗಿಳಿದಾಗ ಪಂಪನ್ನೂ ಹಗ್ಗ ಕಟ್ಟಿ ಬಾವಿಯೊಳಗಿನ ಕೆಳಮೆಟ್ಟಿಲಿಗೆ ಇಳಿಸುತ್ತಿದ್ದುದನ್ನು ನೀವು ನೋಡಿರಬಹುದು. ಗಾಳಿಯ ಕೈಗೆ ಎಟುಕುವಷ್ಟು ದೂರದಲ್ಲಿ ಪಂಪನ್ನು ಇಡುವ ಉಪಾಯ ಅದು.

ಅಮೋನಿಯದ ಪಾತ್ರೆಯಲ್ಲಿ ಈ ಉಪಾಯ ಸಾಗದು. ಆ ದ್ರವ ಪಾತ್ರೆಯಲ್ಲಿ ಇರುವುದೇ ಕುದಿಯುವ ಅಂಚಿನಲ್ಲಿ. ಪಾತ್ರೆಯ ಒಳಗಿನ ಒತ್ತಡ ಗಾಳಿಯ ಒತ್ತಡದ ಸುಮಾರು ಮೂರೂವರೆ ಪಟ್ಟಿದ್ದರೆ ಅಮೋನಿಯ ಸೊನ್ನೆಗಿಂತ 5 ಡಿಗ್ರಿ ಕೆಳಗೆ ಕುದಿಯುತ್ತದೆ. ದ್ರವವೂ ಸರಿಯಾಗಿ ಅದೇ ಉಷ್ಣತೆಯಲ್ಲಿರುತ್ತದೆ. ಮೂರೂವರೆ ಪಟ್ಟು ಒತ್ತಡವಿದೆಯಲ್ಲ, ಅದೇ ತಳ್ಳಲಿ ಎನ್ನುವಿರಾ? ತಳ್ಳುತ್ತದೆ, ನಿಜ. ಆದರೆ ಪಂಪಿನ ಬಾಯಿಯಲ್ಲಿ ಒತ್ತಡ ಎಳ್ಳಷ್ಟು ಕಡಿಮೆಯಾದರೂ ದ್ರವ ಅಲ್ಲೇ ಕುದಿದು ಗುಳ್ಳೆಯಾಗಿ ಬಿಡುತ್ತದೆ. ಗುಳ್ಳೆಯನ್ನು ಪಂಪಿನ ಚಕ್ರ ಹಿಡಿಯಲಾರದು. ಪ್ರೆಷರ್ ಕುಕ್ಕರನ್ನು ಒಲೆಯಿಂದ ಇಳಿಸಿ, ಆತುರಪಟ್ಟು ಮೇಲಿನ ಗುಂಡನ್ನು ಎತ್ತಿದರೆ ಏನಾಗುತ್ತದೆ? ಕೆಳಗೆ ಬೆಂಕಿಯಿಲ್ಲದಿದ್ದರೂ ಒಳಗಿನ ಬೇಳೆ ಬುರಬುರನೆ ಉಕ್ಕಿ ಮೇಲೆ ಬರುತ್ತದೆ. ಒತ್ತಡ ಇಳಿಯಿತು, ಕುದಿ ಎದ್ದಿತು. ಅಮೋನಿಯದ ಪಂಪಿನ ಬಾಯಿಯಲ್ಲಿ ನಡೆಯುವುದೂ ಇದೇ.

ಆಗ ಪಂಪಿನಿಂದ ಗುಂಡುಕಲ್ಲು ಸುರಿದಂಥ ಸದ್ದು ಬರುತ್ತದೆ. ಗುಳ್ಳೆಗಳು ಚಕ್ರದೊಳಗೆ ಮತ್ತೆ ಒಡೆದು ಕುಸಿಯುವಾಗ ಆಗುವ ಸದ್ದು ಅದು. ಗುಳ್ಳೆ ಇನ್ನೂ ಹೆಚ್ಚಾದರೆ ಸದ್ದು ನಿಂತು ಪಂಪು ಬರಿದೆ ತಿರುಗುತ್ತದೆ. ಸುರುಳಿಗೆ ದ್ರವ ಹೋಗುವುದಿಲ್ಲ. ಮೇಲುನೋಟಕ್ಕೆ ಎಲ್ಲವೂ ಓಡುತ್ತಿರುವಂತೆಯೇ ಕಾಣುವುದರಿಂದ ಈ ಎರಡನೆಯ ಸ್ಥಿತಿ ಹೆಚ್ಚು ಮೋಸದ್ದು.

ಹಾಗಾದರೆ ಪಂಪಿನ ಬಾಯಿಗೆ ಬಲ ಎಲ್ಲಿಂದ ಬರಬೇಕು? ಎತ್ತರದಿಂದ. ಪಾತ್ರೆಯನ್ನು ಮೇಲಿಟ್ಟು ಪಂಪನ್ನು ಕೆಳಗಿಟ್ಟರೆ ನಡುವಿನ ದ್ರವದ ಕಂಬದ ಭಾರವೇ ಪಂಪಿನ ಬಾಯಿಯ ಮೇಲೆ ಬೀಳುತ್ತದೆ. ಅಷ್ಟು ಮಟ್ಟಿಗೆ ದ್ರವ ಕುದಿಯುವ ಅಂಚಿನಿಂದ ಹಿಂದೆ ಸರಿಯುತ್ತದೆ. ಪ್ರತಿಯೊಂದು ಪಂಪಿಗೂ ತನಗೆ ಇಷ್ಟು ಕಂಬ ಬೇಕೆಂಬ ಹಟವುಂಟು. ತಯಾರಕರು ಅದನ್ನು ನಕ್ಷೆಯಲ್ಲಿ ಬರೆದು ಕೊಡುತ್ತಾರೆ. ಪಾತ್ರೆಯಲ್ಲಿ ದ್ರವ ತೀರ ಕೆಳಮಟ್ಟಕ್ಕೆ ಬಂದಾಗಲೂ, ಕೊಳವೆಯ ತಿಕ್ಕಾಟವನ್ನು ಕಳೆದ ಮೇಲೂ, ಆ ಹಟ ತೀರಿ ಸ್ವಲ್ಪ ಮಿಕ್ಕಬೇಕು. ಸಾಮಾನ್ಯವಾಗಿ 1ರಿಂದ 2 ಮೀಟರು ಅಂತರ ಇಡುತ್ತಾರೆ. ಪಂಪನ್ನು ಆರಿಸುವವನು ಮೊದಲು ನೋಡಬೇಕಾದದ್ದು ಪಂಪಿನ ಪಟ್ಟಿಯನ್ನಲ್ಲ, ಅದರ ಮೇಲಿನ ಪಾತ್ರೆಯ ಎತ್ತರವನ್ನು.

ನನ್ನ ವಿದ್ಯಾರ್ಥಿ ಮೊದಲು ಕೆಲಸಕ್ಕಿದ್ದ ಒಂದು ಶೈತ್ಯಾಗಾರದಲ್ಲಿ ನಡೆದ ಸಂಗತಿ ಇದಕ್ಕೆ ನಿದರ್ಶನ. ಊರು, ಹೆಸರು ಬೇಡ. ಪಂಜಾಬಿನ ಕಡೆಯಿಂದ ಬಂದ ಬಿತ್ತನೆ ಆಲೂಗಡ್ಡೆಯನ್ನು ಮುಂಗಾರಿನವರೆಗೆ ಕಾಪಾಡುವ ಕೆಲಸ ಅಲ್ಲಿಯದು. ಬಿತ್ತನೆ ಗಡ್ಡೆಗೆ 2ರಿಂದ 4 ಡಿಗ್ರಿ ತಂಪು ಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೋಣೆಗಳು ಬೆಚ್ಚಗಾಗತೊಡಗಿದುವು. ಪಂಪು ಕಟಕಟ ಎನ್ನುತ್ತಿತ್ತು. ಎರಡು ಸಲ ಬೇರಿಂಗು ಸವೆದು ನಿಂತಿತು. ಪಂಪು ಚಿಕ್ಕದಾಯಿತೆಂದು ತೀರ್ಮಾನಿಸಿ ಯಜಮಾನರು ಅದರ ಎರಡರಷ್ಟು ದೊಡ್ಡ ಪಂಪನ್ನು ತರಿಸಿದರು. ಅದು ಒಂದು ವಾರವೂ ಬಾಳಲಿಲ್ಲ. ದೊಡ್ಡ ಪಂಪಿಗೆ ಹಸಿವೂ ದೊಡ್ಡದು. ಹೆಚ್ಚು ದ್ರವ ಹರಿದಷ್ಟೂ ಕೊಳವೆಯ ತಿಕ್ಕಾಟ ಹೆಚ್ಚು, ಪಂಪು ಕೇಳುವ ಕಂಬದ ಎತ್ತರವೂ ಹೆಚ್ಚು. ಇದ್ದ ರೋಗಕ್ಕೆ ಅವರು ಅದನ್ನೇ ಬೆಳೆಸುವ ಮದ್ದು ಕೊಟ್ಟಿದ್ದರು. ಕೊನೆಗೆ ಬಂದ ಒಬ್ಬ ಹಿರಿಯ ಮೆಕ್ಯಾನಿಕ್ ಪಂಪನ್ನು ಮುಟ್ಟಲೂ ಇಲ್ಲವಂತೆ. ಪಾತ್ರೆಯ ಕೆಳಗೆ ಬಗ್ಗಿ ನೋಡಿದರೆ ಎರಡಡಿ ಅಂತರ, ಸಪೂರವಾದ ಕೊಳವೆ, ಅದಕ್ಕೆ ಮೂರು ಬಾಗು. ಅವರು ಪಾತ್ರೆಯನ್ನು ಕಂಬಗಳ ಮೇಲೆ ಎತ್ತಿಸಿದರು. ದಪ್ಪನೆಯ ಕೊಳವೆಯನ್ನು ನೆಟ್ಟಗೆ ಇಳಿಬಿಡಿಸಿದರು. ಹಳೆಯ ಚಿಕ್ಕ ಪಂಪನ್ನೇ ರಿಪೇರಿ ಮಾಡಿಸಿ ಕೂರಿಸಿದರು. “ಮೇಷ್ಟ್ರೆ, ಪಂಪು ಚಿಕ್ದಾಗಿರ್ಲಿಲ್ಲ. ಅದರ ಬಾಯಿಗೆ ಬೀಳೋದೇ ಬರ್ತಿರ್ಲಿಲ್ಲ” ಎಂದು ಅವನು ಹೇಳಿದ. ಅಷ್ಟರಲ್ಲಿ ಒಂದು ಕೋಣೆಯ ಗಡ್ಡೆಯೆಲ್ಲ ಮೊಳಕೆ ಒಡೆದು ಸುಕ್ಕಾಗಿತ್ತು. ಗಡ್ಡೆ ಇಟ್ಟಿದ್ದ ರೈತರಿಗೆ ಆ ವರ್ಷದ ಬಿತ್ತನೆ ತಪ್ಪಿತು. ಅವರಿಗೆ ಯಾರೂ ಕೊಳವೆಯ ಬಾಗಿನ ಕಥೆ ಹೇಳಿರಲಾರರು.

ಕೊಳವೆಯ ಬಗ್ಗೆ ಇನ್ನೊಂದೆರಡು ಮಾತಿದೆ. ಅದರಲ್ಲಿ ದ್ರವ ಸೆಕೆಂಡಿಗೆ ಸುಮಾರು ಒಂದಡಿಗಿಂತ ವೇಗವಾಗಿ ಇಳಿಯಬಾರದು. ನಿಧಾನವಾಗಿ ಇಳಿದರೆ ದಾರಿಯಲ್ಲಿ ಹುಟ್ಟಿದ ಗುಳ್ಳೆ ಹಿಂದಕ್ಕೆ ಏರಿ ಪಾತ್ರೆಗೇ ಹೋಗಿಬಿಡುತ್ತದೆ. ಕೊಳವೆಗೆ ಹೊರಗಿನ ಬಿಸಿ ತಗುಲದಂತೆ ಹೊದಿಕೆ ಬೇಕು. ಪಾತ್ರೆಯಿಂದ ದ್ರವ ಹೊರಡುವಲ್ಲಿ, ಸ್ನಾನದ ತೊಟ್ಟಿಯ ನೀರು ಖಾಲಿಯಾಗುವಾಗ ಏಳುವಂಥ ಸುಳಿ ಏಳದ ಹಾಗೆ ಅಡ್ಡತಗಡು ಇಡಬೇಕು. ಸುಳಿ ಎದ್ದರೆ ಆವಿಯೇ ಕೊಳವೆಗಿಳಿಯುತ್ತದೆ. ಕುಕ್ಕರಿನ ದೃಷ್ಟಾಂತ ಇಲ್ಲಿಯೂ ನೆನಪಿರಲಿ. ನಡುಮಧ್ಯಾಹ್ನ ಒಮ್ಮೆಗೇ ಎರಡನೆಯ ಕಂಪ್ರೆಸರನ್ನೂ ಚಾಲೂ ಮಾಡಿದರೆ ಪಾತ್ರೆಯ ಒತ್ತಡ ಥಟ್ಟನೆ ಇಳಿಯುತ್ತದೆ, ದ್ರವವೆಲ್ಲ ನೊರೆಯೇಳುತ್ತದೆ, ಯಾವ ದೋಷವೂ ಇಲ್ಲದ ಪಂಪು ಕೂಡ ಉಸಿರು ಕಟ್ಟಿ ನಿಲ್ಲುತ್ತದೆ. ತಿಳಿದವರು ಕಂಪ್ರೆಸರಿನ ಭಾರವನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ.

ಪಂಪಿನ ಗಾತ್ರದ ಲೆಕ್ಕ ಅಷ್ಟೇನೂ ಕಠಿಣವಲ್ಲ. ಲೆಕ್ಕಕ್ಕಾಗಿ, ಒಂದು ಕೇಂದ್ರಕ್ಕೆ ದಿನಕ್ಕೆ ಒಂದು ಲಕ್ಷ ಲೀಟರು ಹಾಲು 35 ಡಿಗ್ರಿಯಲ್ಲಿ ಬರುತ್ತದೆ, ಅದನ್ನು ಹತ್ತು ಗಂಟೆಯಲ್ಲಿ 4 ಡಿಗ್ರಿಗೆ ಇಳಿಸಬೇಕು ಎನ್ನೋಣ. ಲೀಟರೊಂದಕ್ಕೆ ಸುಮಾರು 125 ಕಿಲೋಜೂಲಿನಂತೆ ಒಟ್ಟು ಒಂದು ಕೋಟಿ ಇಪ್ಪತ್ತೈದು ಲಕ್ಷ ಕಿಲೋಜೂಲ್ ಶಾಖ ಹೊರಹೋಗಬೇಕು. ಇದಕ್ಕೆ ಸುಮಾರು 9,750 ಕಿಲೋ ಅಮೋನಿಯ ಕುದಿಯಬೇಕು. ಅಷ್ಟೊಂದು ಅಮೋನಿಯ ಎಲ್ಲಿಂದ ತರುವುದೆಂದು ಗಾಬರಿಯಾಗಬೇಡಿ. ಇದ್ದದ್ದೇ ಮತ್ತೆ ಮತ್ತೆ ಸುತ್ತುತ್ತದೆ. ಗಂಟೆಗೆ 975 ಕಿಲೋ ಕುದಿಯುವುದಾದರೆ, ನಾಲ್ಕು ಪಟ್ಟಿನ ನಿಯಮದಂತೆ ಪಂಪು ಗಂಟೆಗೆ 3,900 ಕಿಲೋ ಕಳಿಸಬೇಕು. ಅಮೋನಿಯ ನೀರಿಗಿಂತ ಹಗುರ. ಒಂದು ಲೀಟರಿಗೆ ಸುಮಾರು 650 ಗ್ರಾಂ. ಎಂದರೆ ಗಂಟೆಗೆ 6,000 ಲೀಟರು. ತೋಟದ ಪಂಪ್‌ಸೆಟ್ಟಿನ ಮುಂದೆ ಇದು ಏನೇನೂ ಅಲ್ಲ. ಒಂದೆರಡು ಕುದುರೆಶಕ್ತಿಯ ಮೋಟಾರು ಧಾರಾಳವಾಗಿ ಸಾಕು. ಅದೇ ಕೆಲಸಕ್ಕೆ ಕಂಪ್ರೆಸರಿಗೆ ಬೇಕಾಗುವುದು ನೂರು ಕಿಲೋವ್ಯಾಟಿನ ಆಸುಪಾಸು. ಇಷ್ಟು ಪುಟ್ಟ ಪಂಪು ನಿಂತರೆ ಅಷ್ಟು ದೊಡ್ಡ ಯಂತ್ರವೂ ವ್ಯರ್ಥ.

ಈ ಕೇಂದ್ರದ ಶಕ್ತಿಯನ್ನು ವ್ಯಾಪಾರದವರು ‘99 ಟನ್’ ಎನ್ನುತ್ತಾರೆ. ಆ ಟನ್ನು ತೂಕವಲ್ಲ. 2,000 ಪೌಂಡು ಮಂಜುಗಡ್ಡೆಯನ್ನು 24 ಗಂಟೆಯಲ್ಲಿ ಕರಗಿಸಲು ಬೇಕಾಗುವ ಶಾಖದ ಪ್ರಮಾಣ. ತಂಪನ್ನು ಮಂಜುಗಡ್ಡೆಯ ತೂಕದಿಂದಲೇ ಅಳೆಯುತ್ತಿದ್ದ ಕಾಲದ ಗುರುತು ಅದು. ಅಮೆರಿಕದ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಬಾಸ್ಟನ್ನಿನ ಕೆರೆಗಳ ಹೆಪ್ಪನ್ನು ಹಡಗಿನಲ್ಲಿ ಕಲ್ಕತ್ತೆಗೆ ತಂದು ಮಾರಿದ. ಮದ್ರಾಸಿನ ಕಡಲ ದಂಡೆಯಲ್ಲಿ ಅದಕ್ಕಾಗಿಯೇ 1842ರಲ್ಲಿ ಕಟ್ಟಿದ ಮನೆಯಲ್ಲಿ ಮುಂದೆ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ಇರಲಿ, ವಿಷಯಕ್ಕೆ ಬರೋಣ.

ಪಂಪು ಕೊಳ್ಳುವಾಗ ‘30 ಮೀಟರು ಎತ್ತುತ್ತದೆ’ ಎಂಬ ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ನೀರಾಗಲಿ ಅಮೋನಿಯವಾಗಲಿ ಅದೇ ಪಂಪು ಎತ್ತುವ ಎತ್ತರ ಒಂದೇ. ಆದರೆ ಅಮೋನಿಯ ಹಗುರವಾದ್ದರಿಂದ ಹುಟ್ಟುವ ಒತ್ತಡ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ನೀರಿಗೆ 2.9 ಬಾರ್ ಕೊಡುವ ಪಂಪು ಅಮೋನಿಯಕ್ಕೆ ಕೊಡುವುದು 1.9 ಬಾರ್. ಸುರುಳಿ ಅಟ್ಟದ ಮೇಲಿದ್ದರೆ ಆ ಎತ್ತರವನ್ನು ಇದರಿಂದಲೇ ಕಳೆಯಬೇಕು, ವಾಲ್ವುಗಳ ತಡೆಯನ್ನೂ ಕಳೆಯಬೇಕು. ಹಾಗೆಂದು ಬೇಕಾದ್ದಕ್ಕಿಂತ ಬಹಳ ಹೆಚ್ಚಿನದನ್ನು ಕೊಂಡರೆ ಆಲೂಗಡ್ಡೆಯ ಯಜಮಾನರ ಪಾಡಾಗುತ್ತದೆ. ಹೊರದಾರಿಯಲ್ಲಿ ಹರಿವು ಮಿತಿ ಮೀರದಂತೆ ಒಂದು ತಡೆಯನ್ನೂ, ಸುರುಳಿಗಳ ವಾಲ್ವುಗಳೆಲ್ಲ ಮುಚ್ಚಿಕೊಂಡಾಗ ಪಂಪಿನಲ್ಲೇ ದ್ರವ ನಿಂತು ಬಿಸಿಯಾಗದಂತೆ ಸ್ವಲ್ಪ ದ್ರವ ಪಾತ್ರೆಗೆ ಮರಳುವ ಸಣ್ಣ ಕಿಂಡಿಯನ್ನೂ ಇಡುವುದು ಕ್ರಮ.

ಪಂಪಿನ ಜಾತಿಯ ವಿಷಯದಲ್ಲಿ ಅಭಿಪ್ರಾಯಭೇದವುಂಟು. ಹಳೆಯ ಪದ್ಧತಿಯಲ್ಲಿ ಮೋಟಾರು ಹೊರಗೆ, ಪಂಪು ಒಳಗೆ. ನಡುವೆ ತಿರುಗುವ ಸಲಾಕೆ. ಸಲಾಕೆ ಹೊರಬರುವಲ್ಲಿ ಅಮೋನಿಯ ಸೋರದಂತೆ ಸೀಲು. ಇದರ ಬೆಲೆ ಕಡಿಮೆ, ಮೋಟಾರು ಕೆಟ್ಟರೆ ಪೇಟೆಯಲ್ಲೇ ಸುತ್ತಿಸಿಕೊಳ್ಳಬಹುದು. ಆದರೆ ಸೊನ್ನೆಗಿಂತ ಕೆಳಗಿನ ತಂಪಿನಲ್ಲಿ ಗಾಳಿಯ ತೇವ ಸೀಲಿನ ಬಳಿ ಹೆಪ್ಪುಗಟ್ಟಿ ಅದನ್ನು ಗೀರುತ್ತದೆ. ಸೀಲು ಇಂದಲ್ಲ ನಾಳೆ ಸೋರುವ ವಸ್ತುವೇ. ತೋಟದ ಪಂಪಿನ ಗ್ಲ್ಯಾಂಡಿನಿಂದ ನಾಲ್ಕು ಹನಿ ನೀರು ತೊಟ್ಟಿಕ್ಕಿದರೆ ಯಾರೂ ಕೇಳರು. ಇಲ್ಲಿ ತೊಟ್ಟಿಕ್ಕುವುದು ಅಮೋನಿಯ. ಹಲ್ಲುಗಾಲಿಗಳ ಗೇರ್ ಪಂಪು ಇನ್ನೊಂದು ಜಾತಿ. ಕಸ ಸಿಕ್ಕರೆ ಅದು ಬೇಗ ಸವೆಯುತ್ತದೆ, ದಾರಿ ಮುಚ್ಚಿದರೂ ತಳ್ಳುತ್ತಲೇ ಇರುವುದರಿಂದ ಅದಕ್ಕೆ ಸುರಕ್ಷತೆಯ ವಾಲ್ವು ಕಡ್ಡಾಯ.

ಈಗ ಹೆಚ್ಚು ಬಳಕೆಗೆ ಬಂದಿರುವುದು ಸೀಲೇ ಇಲ್ಲದ, ಡಬ್ಬಿಯಂತೆ ಮುಚ್ಚಿದ ಪಂಪು. ಕೊಳವೆಬಾವಿಯ ಸಬ್‌ಮರ್ಸಿಬಲ್ ಪಂಪನ್ನು ನೆನೆದುಕೊಳ್ಳಿ. ಅಲ್ಲಿ ಮೋಟಾರೂ ಪಂಪೂ ಒಂದೇ ಮೈ. ಇಲ್ಲಿಯೂ ಹಾಗೆಯೇ. ಮೋಟಾರಿನ ತಿರುಗುವ ಭಾಗ ಅಮೋನಿಯದಲ್ಲೇ ಮುಳುಗಿ ತಿರುಗುತ್ತದೆ. ತಾಮ್ರದ ತಂತಿ ಸುತ್ತಿದ ಭಾಗ ತೆಳ್ಳನೆಯ ಸ್ಟೇನ್‌ಲೆಸ್ ಸ್ಟೀಲಿನ ತಗಡಿನ ಆಚೆಗಿರುತ್ತದೆ. ಅಮೋನಿಯಕ್ಕೂ ತಾಮ್ರಕ್ಕೂ ಹುಟ್ಟು ವೈರ. ತೇವ ಸೇರಿದ ಅಮೋನಿಯ ತಾಮ್ರವನ್ನೂ ಹಿತ್ತಾಳೆಯನ್ನೂ ತಿಂದು ಹಾಕುತ್ತದೆ. ಹೀಗಾಗಿ ತಾಮ್ರ ಬೆರೆತ ಗನ್‌ಮೆಟಲ್ಲಿನ ಚಕ್ರವಿರುವ ನೀರಿನ ಪಂಪನ್ನು ಅಗ್ಗವೆಂದು ಇಲ್ಲಿಗೆ ತಂದು ಜೋಡಿಸುವಂತಿಲ್ಲ. ಅಮೋನಿಯ ಮುಟ್ಟುವುದೆಲ್ಲ ಕಬ್ಬಿಣ, ಉಕ್ಕು ಆಗಿರಬೇಕು.

ಈ ಮುಚ್ಚಿದ ಪಂಪಿನ ಗುಣವೇ ಅದರ ದೋಷವೂ ಹೌದು. ಅದರ ಬೇರಿಂಗಿಗೆ ಬೇರೆ ಎಣ್ಣೆಯಿಲ್ಲ, ಅಮೋನಿಯವೇ ಎಣ್ಣೆ. ಮೋಟಾರಿಗೆ ಬೇರೆ ಗಾಳಿಯಿಲ್ಲ, ಅಮೋನಿಯವೇ ತಂಪು. ದ್ರವವಿಲ್ಲದೆ ಬರಿದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಬೇರಿಂಗು ಸವೆದು, ಆ ತೆಳ್ಳನೆಯ ತಗಡು ಉಜ್ಜಿ ತೂತಾಗುತ್ತದೆ. ಆಮೇಲೆ ಊರಿನ ವರ್ಕ್‌ಷಾಪಿನಲ್ಲಿ ಅದಕ್ಕೆ ಚಿಕಿತ್ಸೆಯಿಲ್ಲ. ಹಾಗಿದ್ದರೂ ಹೊಸದಾಗಿ ಕೊಳ್ಳುವವರಿಗೆ ನಾನು ಇದನ್ನೇ ಸೂಚಿಸುವೆ. ಪಾತ್ರೆಯಲ್ಲಿ ದ್ರವ ಇಳಿದಾಗ ತಾನೇ ನಿಲ್ಲುವ ಸ್ವಿಚ್ಚನ್ನೂ ಜೊತೆಗೇ ಕೊಳ್ಳಬೇಕು. ಸೋರುವ ಸೀಲಿನ ಪಕ್ಕದಲ್ಲಿ ರಾತ್ರಿಪಾಳಿ ಮಾಡುವವನು ನಾನಾಗಿದ್ದರೆ ಬೆಲೆಯ ಲೆಕ್ಕ ಬೇರೆಯಾಗಿ ಕಾಣುತ್ತಿತ್ತು.

ಒಂದು ವಿಚಿತ್ರವನ್ನು ಇಲ್ಲೇ ಹೇಳಬೇಕು. ನೀರಿನ ಮೇಲೆ ಎಣ್ಣೆ ತೇಲುವುದನ್ನು ಕಂಡ ನಮಗೆ ಅಮೋನಿಯದಲ್ಲಿ ಎಣ್ಣೆ ಮುಳುಗುವುದು ಸೋಜಿಗ. ಕಂಪ್ರೆಸರಿನಿಂದ ತುಸು ತುಸು ಎಣ್ಣೆ ಆವಿಯೊಡನೆ ಬಂದು ಪಾತ್ರೆಯ ತಳದಲ್ಲಿ ಕೂರುತ್ತದೆ. ತಂಪಿನಲ್ಲಿ ಕಾಕಂಬಿಯಂತೆ ಮಂದವಾಗುತ್ತದೆ. ಪಂಪಿನ ಕೊಳವೆಯನ್ನು ತಳಕ್ಕೇ ಜೋಡಿಸಿದರೆ ಪಂಪು ಕುಡಿಯುವುದು ಆ ಕಾಕಂಬಿಯನ್ನೇ. ಕೊಳವೆ ತಳದಿಂದ ಸ್ವಲ್ಪ ಮೇಲಿರಬೇಕು, ಎಣ್ಣೆ ಇಳಿದು ನಿಲ್ಲಲು ಕೆಳಗೆ ಬೇರೆ ಗಡಿಗೆ ಇರಬೇಕು. ಆ ಎಣ್ಣೆಯನ್ನು ಹೊರಬಿಡುವ ಕೆಲಸದಲ್ಲಿಯೇ ಎಷ್ಟೋ ಅಪಘಾತಗಳಾಗಿವೆ. ಎಣ್ಣೆ ಮುಗಿದ ಕೂಡಲೇ ಅದರ ಹಿಂದೆ ಅಮೋನಿಯ ಚಿಮ್ಮುತ್ತದೆ. ವಾಲ್ವು ತೆರೆದಿಟ್ಟು ಬೀಡಿ ಸೇದಲು ಹೋದವನ ಗತಿ ಏನಾದೀತು ಊಹಿಸಿ.

ಒಂದು ಪಂಪಿದ್ದಲ್ಲಿ ಎರಡಿರಬೇಕು, ಒಂದು ಓಡಲು, ಇನ್ನೊಂದು ಕಾದಿರಲು. ಕೆಟ್ಟದ್ದನ್ನು ಬಿಚ್ಚಲು ಅದರ ಹಿಂದೆ ಮುಂದೆ ಎರಡು ವಾಲ್ವುಗಳು. ಆ ಎರಡನ್ನೂ ಮುಚ್ಚಿ ಊಟಕ್ಕೆ ಹೋದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನಡುವೆ ಸಿಕ್ಕಿಬಿದ್ದ ದ್ರವ ಹೊರಗಿನ ಬಿಸಿಗೆ ಹಿಗ್ಗುತ್ತದೆ. ದ್ರವಕ್ಕೆ ಅಮುಕಿಕೊಳ್ಳುವ ಗುಣ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ಹಿಗ್ಗಿದ ದ್ರವ ಉಕ್ಕಿನ ಕೊಳವೆಯನ್ನೇ ಸೀಳಬಲ್ಲದು. ಆ ನಡುವಿನ ಭಾಗಕ್ಕೆ ಒತ್ತಡ ಮೀರಿದರೆ ತಾನೇ ತೆರೆದುಕೊಳ್ಳುವ ವಾಲ್ವು ಇದೆಯೇ ಎಂದು ಪಂಪು ಕೊಳ್ಳುವ ದಿನವೇ ಕೇಳಬೇಕು.

ನಿಮ್ಮಲ್ಲಿ ಕೆಲವರ ಮನೆ ಮಂಜುಗಡ್ಡೆಯ ಕಾರ್ಖಾನೆಯದೋ ಡೈರಿಯದೋ ಹಿಂಬದಿಯಲ್ಲಿರಬಹುದು. ಅಮೋನಿಯ ತಾನು ಬರುವುದನ್ನು ವಾಸನೆಯಿಂದ ಮೊದಲೇ ಸಾರುತ್ತದೆ, ಅದು ಅದರ ದೊಡ್ಡ ಗುಣ. ಹತ್ತು ಲಕ್ಷ ಭಾಗ ಗಾಳಿಯಲ್ಲಿ 25 ಭಾಗ ಎಂಬುದು ಕೆಲಸ ಮಾಡುವವರಿಗೆ ಹಾಕಿರುವ ಮಿತಿ. 300 ಭಾಗ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ವಾಸನೆ ಮೂಗಿಗೆ ತಟ್ಟುವುದು ಸಾಮಾನ್ಯವಾಗಿ ಇದಕ್ಕೆ ಬಹಳ ಮೊದಲೇ. ಅನಿಲ ಗಾಳಿಗಿಂತ ಹಗುರವಾದರೂ ತಣ್ಣನೆಯ ಮಂಜಾಗಿ ಸೋರಿದಾಗ ನೆಲವನ್ನೇ ಹಿಡಿದು ಹರಿಯುತ್ತದೆ. ಅಂಥ ವೇಳೆ ಒದ್ದೆ ಬಟ್ಟೆಯಿಂದ ಮೂಗು ಬಾಯಿ ಮುಚ್ಚಿಕೊಂಡು, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ನಡೆದು ಹೊರಬೀಳಬೇಕು. ಅಮೋನಿಯ ನೀರಿನಲ್ಲಿ ಬಹಳ ಬೇಗ ಕರಗುವುದರಿಂದ ಒದ್ದೆ ಬಟ್ಟೆ ಅಷ್ಟುಮಟ್ಟಿಗೆ ಕಾಯುತ್ತದೆ. ಕಣ್ಣಿಗೆ ಬಿದ್ದರೆ ಧಾರಾಳವಾಗಿ ನೀರು ಹಾಕಿ ಬಹಳ ಹೊತ್ತು ತೊಳೆಯುತ್ತಲೇ ಇರಬೇಕು, ಆಮೇಲೆ ವೈದ್ಯರ ಬಳಿಗೆ. ಆದರೆ ನೆಲದಲ್ಲಿ ನಿಂತ ದ್ರವದ ಮೇಲೆ ನೀರು ಸುರಿಯಬಾರದು. ಅದು ಇನ್ನಷ್ಟು ರಭಸದಿಂದ ಕುದಿದೇಳುತ್ತದೆ.

ನನ್ನ ವಿದ್ಯಾರ್ಥಿ ಈಗ ಕೆಲಸಕ್ಕಿರುವ ಕಡೆ ಪಂಪಿನ ಬಾಯಿಗೆ ಎರಡು ಮೀಟರು ಕಂಬವಿದೆಯಂತೆ. ಆದರೂ ಪಾಳಿಗೆ ಬಂದ ಕೂಡಲೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಒಂದು ನಿಮಿಷ ಕೇಳುತ್ತಾನೆ. ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಪುಸ್ತಕದಲ್ಲಿ ಸಹಿ ಹಾಕಿ ಮುಂದೆ ಹೋಗುತ್ತಾನೆ. ನಡುವೆ ಒಂದು ಕಲ್ಲು ಉರುಳಿದರೂ ಸಾಕು, ಏಣಿ ಹತ್ತಿ ಪಾತ್ರೆಯ ಮಟ್ಟವನ್ನು ನೋಡುತ್ತಾನೆ.